ಕಣ್ಮಣಿ ಹೂವೂ ಚೆಲುವಯ್ಯನ ಪೇಟವೂ

ಒಂದಾನೊಂದು ಕಾಲದಲ್ಲಿ, ಮರಗಳೂ ಹತ್ತಲಾರದೆ ಅರ್ಧಕ್ಕೇ ನಿಂತುಬಿಟ್ಟಿದ್ದ ಒಂದು ಬೆಟ್ಟ ಇತ್ತಂತೆ. ಮೇಲೆಲ್ಲ ಬರೀ ಬಂಡೆ, ಚಳಿಗಾಳಿ. ಆ ಬಂಡೆಯ ಸೀಳಿನಲ್ಲಿ ವರ್ಷಕ್ಕೆ ಮೂರೇ ದಿನ ಕಣ್ಮಣಿ ಅನ್ನೋ ಬಿಳಿ ಹೂವು ಅರಳುತ್ತಿತ್ತಂತೆ, ಗೇಣೆತ್ತರವೂ ಇಲ್ಲ. ಅದರ ರಸ ಕಣ್ಣಿಗೆ ಬಿಟ್ಟರೆ ಮಬ್ಬುಗಣ್ಣು ತಿಳಿಯಾಗುತ್ತಿತ್ತಂತೆ. ಆದರೆ ಪಕ್ಕದಲ್ಲೇ ಥೇಟು ಅದರ ಹಾಗೇ ಇನ್ನೊಂದು, ಉರಿಹೂವು; ಅದರ ರಸ ಬಿದ್ದರೆ ಕಣ್ಣು ಉರಿದುಹೋಗುತ್ತಿತ್ತಂತೆ.

ಕಣ್ಮಣಿಯನ್ನು ಗುರುತಿಸೋ ಮನೆತನ ಊರಿಗೆಲ್ಲ ಒಂದೇ. ಅಪ್ಪ ಸಾಯುವಾಗ ಮಗ ಚೆಲುವಯ್ಯನಿಗೆ, ಕಣ್ಮಣಿಗೆ ದೀರ್ಘದಂಡ ನಮಸ್ಕಾರ ಮಾಡಿಯೇ ಕೀಳಪ್ಪಾ ಅಂದಿದ್ದನಂತೆ. ಆಮೇಲೆ ಚೆಲುವಯ್ಯನ ತಾಯಿ ಪುಟ್ಟೀರಮ್ಮನಿಗೇ ಕಣ್ಣು ಮಬ್ಬಾಯ್ತಂತೆ. ಇವನು ಹೊಸ ಪೇಟ ಸುತ್ತಿಕೊಂಡು ಬೆಟ್ಟ ಹತ್ತಿದ, ಊರೇ ಹಿಂದೆ ಬಂತು. ಇಷ್ಟು ಜನದ ಮುಂದೆ ಗಿಡಕ್ಕೆ ಅಡ್ಡಬೀಳೋದೇ ಅಂತ ನಿಂತಲ್ಲಿಂದಲೇ ಇದೇ ಕಣ್ಮಣಿ ಅಂದ, ಕಿತ್ತ.

ಅದರ ರಸ ಬಿಟ್ಟದ್ದೇ ತಾಯಿಯ ಕಣ್ಣು ಉರಿದು ಕೆಂಡವಾಯ್ತಂತೆ. ತಪ್ಪಾಯ್ತು ಅನ್ನೋಕೆ ಇವನಿಗೆ ನಾಲಿಗೆ ಬರಲಿಲ್ಲ. ಹೂವಿನದೇನಿಲ್ಲವ್ವಾ, ನಿನ್ನ ಕರ್ಮ ಅಂದುಬಿಟ್ಟ. ಹೌದು ಮಗಾ, ನನ್ನ ಕರ್ಮವೇ ಅಂದಳಂತೆ ಅವಳು.

ಎರಡನೇ ದಿನ ಕುರಿ ಕಾಯೋ ಬಸವಿ, ಏನಣ್ಣಾ, ಇವತ್ತಾದರೂ ಬಗ್ತೀಯೋ, ಪೇಟ ಉಳುಕುತ್ತೋ ಅಂತ ನಕ್ಕಳಂತೆ. ಅದಕ್ಕೇ ಇನ್ನೂ ಸೆಟೆದು, ನಿಂತೇ ಆರಿಸಿದ. ಈ ಸಲ ತಾಯಿ ಎಲ್ಲರ ಮುಂದೆ, ಆಹಾ, ತಣ್ಣಗಿದೆ ಅಂದಳು. ಊರವರು ಹೊಗಳಿಕೊಂಡು ಹೋದರು. ಆಮೇಲೆ ಚೆಲುವಯ್ಯ ಹಿತ್ತಲಿಗೆ ಹೋದರೆ, ಅವ್ವ ಸೆರಗು ಕಚ್ಚಿಕೊಂಡು ಬಾನಿಯ ನೀರಲ್ಲಿ ಕಣ್ಣು ತೊಳೀತಾ ಇದ್ದಳಂತೆ.

ಅರೆಯುವಾಗಲೇ ವಾಸನೆ ಹೇಳ್ತು ಮಗಾ, ಇದೂ ನಿನ್ನೇದೂ ಉರಿಹೂವೇ. ನಿಮ್ಮಪ್ಪನ ಜೊತೆ ಬಾಳಿದವಳಲ್ವಾ ನಾನು? ಹತ್ತು ಜನದ ಮುಂದೆ ನಿನ್ನ ತಲೆ ತಗ್ಗಬಾರದಲ್ಲ ಅಂದಳಂತೆ.

ಚೆಲುವಯ್ಯನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತಂತೆ.

ಮೂರನೇ ದಿನ, ಅದೇ ಕೊನೇ ದಿನ, ತಾನೇ ಊರವರನ್ನು ಬೆಟ್ಟಕ್ಕೆ ಕರೆದ. ಎರಡು ದಿನವೂ ನೋಡದೇ ಕಿತ್ತೆ, ತಪ್ಪನ್ನ ಅವ್ವನ ಮೇಲೆ ಹಾಕಿದೆ ಅಂದ. ಬಸವಿಯೂ ನಗಲಿಲ್ಲ. ಪೇಟ ಬಿಚ್ಚಿಟ್ಟು, ಉದ್ದಕ್ಕೆ ಮಲಗಿ ಸೀಳಿನ ಮಣ್ಣಿಗೆ ಹಣೆ ಮುಟ್ಟಿಸಿ, ಬಂಡೆಗೆ ಕೆನ್ನೆ ಹಚ್ಚಿದ. ಆಗ ಕಂಡಿತಂತೆ, ಒಂದು ಹೂವಿನ ಎಸಳಿನ ಅಡಿಯಲ್ಲಿ ನೂಲಿನಷ್ಟು ನೀಲಿ ಗೆರೆ. ಪಕ್ಕದ್ದಕ್ಕೆ ಇಲ್ಲ. ಅಡ್ಡಬಿದ್ದವರಿಗಷ್ಟೇ ಕಾಣುವಂತೆ ದೇವರು ಕಣ್ಮಣಿಗೆ ಇಟ್ಟಿದ್ದ ಗುರುತು ಅದು.

ಸಂಜೆಗೆ ಪುಟ್ಟೀರಮ್ಮನ ಕಣ್ಣು ತಿಳಿಯಾಯ್ತಂತೆ. ಮೊದಲು ಕಂಡದ್ದು ಮಗನ ಹಣೆಯ ಮಣ್ಣು. ಒರೆಸೋಕೆ ಸೆರಗು ಎತ್ತಿದಳು. ಇವತ್ತೊಂದು ದಿನ ಇರಲಿ ಬಿಡವ್ವಾ ಅಂದನಂತೆ.

ಅವರು ಅಲ್ಲಿ ತಣ್ಣಗಿದ್ದಾರೆ, ಕತೆ ಇಲ್ಲಿಗೆ ಮುಗೀತು. ನೀನೂ ಕಣ್ಣು ಮುಚ್ಚು ಕಂದಾ.