ಎರೆಗಟ್ಟಿಯ ಹೊಗೆದಿನ್ನೆ

ಎರೆಗಟ್ಟಿ ಊರಿನ ಪಡುವಣಕ್ಕೆ, ಕರಿ ಹೊಲಗಳ ನಡುವೆ, ಎರಡಾಳೆತ್ತರದ ಒಂದು ಕಲ್ಲು ದಿನ್ನೆಯಿದೆ. ಅದರ ನೆತ್ತಿ ಸುಟ್ಟು ಕಪ್ಪಾಗಿದೆ. ಕೆಳಗಿನ ಮಟ್ಟಸ ಬಯಲಿನಲ್ಲಿ ಈಗ ಕುರಿಗಳು ಮೇಯುತ್ತವೆ. ನಕಾಶೆಯಲ್ಲಿ ಈ ದಿನ್ನೆಗೆ ಹೆಸರಿಲ್ಲ. ಸುತ್ತಲಿನ ಹಳ್ಳಿಯವರು ಮಾತ್ರ ಹೊಗೆದಿನ್ನೆ ಎನ್ನುತ್ತಾರೆ.

ಹಿಂದೆ ಬ್ರಿಟಿಷರ ಕಾಲದಲ್ಲಿ, ಒಂದರ ಮೇಲೊಂದು ಜೋಡಿ ರೆಕ್ಕೆಯಿದ್ದ ಟಪಾಲು ವಿಮಾನಗಳು ಪೆಟ್ರೋಲಿಗಾಗಿ ಈ ಬಯಲಿನಲ್ಲಿ ಇಳಿಯುತ್ತಿದ್ದವಂತೆ. ಮರದ ಚೌಕಟ್ಟಿಗೆ ಬಟ್ಟೆ ಬಿಗಿದ ಹಗುರ ಯಂತ್ರಗಳು ಅವು. ಗಾಳಿಗೆ ಎದುರಾಗಿ ಇಳಿದರೆ ನಿಲ್ಲುತ್ತಿದ್ದವು, ಗಾಳಿ ಬೆನ್ನಿಗಿದ್ದರೆ ಓಡುತ್ತಲೇ ಹೋಗುತ್ತಿದ್ದವು. ಗಾಳಿಯ ದಿಕ್ಕು ಮೇಲಿನವರಿಗೆ ಕಾಣಲೆಂದು ಕಂಬಕ್ಕೊಂದು ಬಿಳಿ ಬಟ್ಟೆಯ ಚೀಲ ಕಟ್ಟಿದ್ದರು. ಅದರ ಕಾವಲುಗಾರ ದೇವೇಂದ್ರಪ್ಪ. ಅವನ ಹೆಂಡತಿ ಹುಲಿಗೆವ್ವ ಕಣಗಳಲ್ಲಿ ಜೋಳ ತೂರುವ ಕೆಲಸದವಳು. ಒಂದು ಬೇಸಿಗೆ ಆ ಚೀಲ ಹರಿದು ಚಿಂದಿಯಾಯಿತು. ದೇವೇಂದ್ರಪ್ಪ ಶಾಲೆಯ ಮಾಸ್ತರರಿಂದ ವಿಮಾನದ ಕಂಪನಿಗೆ ಎರಡು ಸಲ ಕಾಗದ ಬರೆಸಿದರೂ ಹೊಸದು ಬರಲಿಲ್ಲ. ಆಮೇಲೆ ಬಂದ ವಿಮಾನ ಗಾಳಿ ಬೆನ್ನಿಗಿರುವಾಗಲೇ ಇಳಿದು, ಬಯಲು ಮುಗಿದರೂ ನಿಲ್ಲದೆ ಹಳ್ಳಕ್ಕೆ ಮಗುಚಿ ಹೊತ್ತಿಕೊಂಡಿತು. ದೇವೇಂದ್ರಪ್ಪ ಬೆಂಕಿಯೊಳಗೆ ಕೈಹಾಕಿ ಚಾಲಕನನ್ನು ಎಳೆದ. ಆ ಬಿಳಿಯ ಸಾಹೇಬ ಸಂಜೆಯೊಳಗೆ ತೀರಿಕೊಂಡ. ವಿಚಾರಣೆಗೆ ಬಂದವರು ಕಾವಲುಗಾರನ ತಪ್ಪೆಂದು ಬರೆದುಕೊಂಡು ಹೋದರು. ಚೀಲವನ್ನು ಆಗಲೂ ತರಲಿಲ್ಲ.

ಅಂದಿನಿಂದ ದೇವೇಂದ್ರಪ್ಪ ಸುಟ್ಟ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಮುಖಮಾಡಿ ಕೂತುಬಿಟ್ಟ. ಹುಲಿಗೆವ್ವನಿಗೆ ಮಾತ್ರ ಒಂದೆಡೆ ಕೂರಲಾಗಲಿಲ್ಲ. ರೊಟ್ಟಿ ತಟ್ಟುತ್ತಿದ್ದವಳು ಎದ್ದು ಅಂಗಳಕ್ಕೆ ಬರುವಳು, ಆಕಾಶ ನೋಡುವಳು, ಒಳಗೆ ಹೋಗಿ ಮತ್ತೆ ಹೊರಬರುವಳು. ಒಂದು ಮಧ್ಯಾಹ್ನ ಪಡುವಣ ಗಾಳಿ ಥಟ್ಟನೆ ನಿಂತು ಮೂಡಣದಿಂದ ಬೀಸತೊಡಗಿದ ಹೊತ್ತಿಗೇ ದೂರದಲ್ಲಿ ಎಂಜಿನ್ ಸದ್ದು ಕೇಳಿಸಿತು. ಅವಳು ಒಲೆಯ ಕೆಂಡವನ್ನು ಒಡೆದ ಮಡಕೆಯ ಬೋಕಿಗೆ ಸುರಿದುಕೊಂಡು, ಹಿತ್ತಲಿನ ಜೋಳದ ದಂಟಿನ ಹೊರೆಯನ್ನು ತಲೆಗೂ ನೀರಿನ ಕೊಡವನ್ನು ಸೊಂಟಕ್ಕೂ ಏರಿಸಿ ದಿನ್ನೆ ಹತ್ತಿದಳು. ದಂಟು ಹೊತ್ತಿದೊಡನೆ ಕೊಡದ ನೀರು ಚಿಮುಕಿಸಿದಳು. ದಟ್ಟ ಹೊಗೆಯೆದ್ದು ಪಡುವಣಕ್ಕೆ ಬಾಗಿತು. ನೆಲಕ್ಕೆ ಇನ್ನೇನು ತಾಗಲಿದ್ದ ಚಕ್ರಗಳು ಮೇಲೇರಿದವು. ವಿಮಾನ ಒಂದು ಸುತ್ತು ಹೊಡೆದು, ಗಾಳಿಗೆ ಎದುರಾಗಿ ಬಂದು, ಬಯಲಿನ ನಡುವೆ ನಿಂತಿತು.

ಇಳಿದು ಬಂದ ಚಾಲಕ ಧಾರವಾಡದ ಸೇತುರಾವ ಇನಾಮತಿ. ಹಳ್ಳದಲ್ಲಿ ಬಿದ್ದಿದ್ದ ಕರಕಲು ರೆಕ್ಕೆಗಳನ್ನು ಕಂಡು ಅವನು ತಲೆಯ ಟೊಪ್ಪಿಗೆ ತೆಗೆದ.

"ಬೆಂಕಿ ಹಚ್ಚಿದವರು ಯಾರು?" ಎಂದು ದಿನ್ನೆಯಿಂದ ಇಳಿದು ಬಂದ ಹುಲಿಗೆವ್ವನನ್ನು ಕೇಳಿದ.

"ನಾನರೀ. ಗಾಳಿ ದಿಕ್ಕು ಹೊಳ್ಳಿತ್ತು."

"ನಿನಗೇನು ಬೇಕು ಕೇಳವ್ವಾ."

"ಚೀಲ ಇಲ್ಲಂತ ನನ್ನ ಗಂಡ ಎರಡು ಸಲ ಬರೆಸಿ ಕಳಿಸ್ಯಾನ್ರೀ. ತಪ್ಪು ಅವಂದಲ್ಲಂತ ನೀವು ಬರದು ಕೊಡ್ರಿ."

ಸೇತುರಾವ ಜೇಬಿನಿಂದ ಪೆನ್ನು ತೆಗೆದು ಮತ್ತೆ ಒಳಗಿಟ್ಟ. "ಬರದ್ರ ನನ್ನ ನೌಕರಿ ಉಳಿಯೋದು ಕಷ್ಟ ಅದ."

"ನೀವಾದ್ರೂ ಉಳದೀರಲ್ರೀ," ಎಂದಳು ಹುಲಿಗೆವ್ವ.

ಅವನು ವಿಮಾನದ ಕೆಳರೆಕ್ಕೆಯ ಮೇಲೆ ಹಾಳೆಯಿಟ್ಟು ಬರೆದ. ಆಮೇಲೆ ಅವಳ ಮನೆಗೆ ಹೋಗಿ ದೇವೇಂದ್ರಪ್ಪನೆದುರು ಕೂತು ಅದನ್ನು ಓದಿದ. ಎರಡನೆಯ ಸಲ ಓದುವಾಗ ದೇವೇಂದ್ರಪ್ಪ ಗೋಡೆಯಿಂದ ಇತ್ತ ತಿರುಗಿದನಂತೆ. ಕಂಪನಿ ಏನು ಉತ್ತರ ಕೊಟ್ಟಿತೋ ಯಾರಿಗೂ ತಿಳಿಯದು. ಸೇತುರಾವ ಮತ್ತೆ ಆ ದಾರಿಯಲ್ಲಿ ಬರಲಿಲ್ಲ; ಹೊಸ ಚೀಲ ಬಂತು. ಹುಲಿಗೆವ್ವ ಅದನ್ನು ನಂಬಲಿಲ್ಲ. ವಿಮಾನಗಳು ಬರುವುದು ನಿಲ್ಲುವವರೆಗೂ ಸದ್ದು ಕೇಳಿದಾಗಲೆಲ್ಲ ಹೊಗೆ ಎಬ್ಬಿಸಿದಳು. ದೇವೇಂದ್ರಪ್ಪ ಸೊಟ್ಟಗಾದ ಕೈಗಳಲ್ಲೇ ನೀರು ಹೊತ್ತು ಜೊತೆಗೆ ಹತ್ತುತ್ತಿದ್ದ ಎನ್ನುತ್ತಾರೆ.

ಇಂದು ದಿನ್ನೆ ಹತ್ತಿದವರಿಗೆ ಬಂಡೆಯಲ್ಲಿ ಅವನು ಕೊಡ ಇಳಿಸುತ್ತಿದ್ದ ಗುಳಿ ಕಾಣಸಿಗುತ್ತದೆ. ಆಕಾಶದಲ್ಲಿ ವಿಮಾನ ಹಾದರೆ ಕೆಳಗಿನ ಹೊಲಗಳಲ್ಲಿ ಕಳೆ ತೆಗೆಯುವ ಹೆಂಗಸರು ಎದ್ದು ನಿಲ್ಲುವುದನ್ನೂ ನೋಡಬಹುದು. ಸದ್ದು ಪೂರ್ತಿ ಅಡಗುವವರೆಗೆ ಅವರು ಕೂರುವುದಿಲ್ಲ.