ನೆರಳು ತುಳಿಯದ ಶಿಷ್ಯ

ಸಮುದ್ರದ ದಂಡೆಯ ಒಂದು ಆಶ್ರಮದಲ್ಲಿ ಅಚ್ಯುತಯ್ಯ ಎಂಬ ಗುರುಗಳಿದ್ದರು. ವಯಸ್ಸಾಗಿತ್ತು, ಆದರೆ ಕಾಲು ಸುಮ್ಮನಿರುತ್ತಿರಲಿಲ್ಲ.

ಅವರ ಶಿಷ್ಯ ವಿಠೋಬನಿಗೆ ಮರುದಿನ ಬೆಳಗ್ಗೆ ಮಂತ್ರದೀಕ್ಷೆ ಎಂದು ನಿಶ್ಚಯವಾಗಿತ್ತು. ಅದಕ್ಕಾಗಿ ಅವನು ವರ್ಷಗಟ್ಟಲೆ ಕಾದಿದ್ದ.

"ಇವತ್ತು ಪಾಠ ಇಲ್ಲ. ಗುಡ್ಡ ಹತ್ತಿ ಆಚೆಯ ಕಡಲತೀರಕ್ಕೆ ಸುಮ್ಮನೆ ತಿರುಗಾಡಿ ಬರುವ" ಎಂದರು ಗುರುಗಳು.

ವಿಠೋಬನಿಗೆ ಸುಮ್ಮನೆ ಅನ್ನುವುದೇ ಗೊತ್ತಿರಲಿಲ್ಲ. ಕಡೆಯ ದಿನ ಒಂದು ತಪ್ಪಾದರೂ ದೀಕ್ಷೆ ಕೈತಪ್ಪೀತು ಎಂಬ ಭಯ ಅವನಿಗೆ. ಗುರುವಿನ ನೆರಳು ತುಳಿಯಬಾರದು ಎಂದು ಹಿರಿಯರು ಹೇಳುತ್ತಾರಲ್ಲ, ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡ. ಅವಲಕ್ಕಿಯ ಗಂಟು ಹೆಗಲಿಗೇರಿಸಿ, ಕಣ್ಣನ್ನು ನೆಲಕ್ಕೆ ನೆಟ್ಟು ಹಿಂದೆ ಹಿಂದೆ ನಡೆದ.

ಗುರುಗಳು ಎಡಕ್ಕೆ ಹೊರಳಿದರೆ ಇವನು ಬಲಕ್ಕೆ ಹಾರುತ್ತಿದ್ದ. ಅವರು ನಿಂತರೆ ಇವನು ಮುಳ್ಳುಪೊದೆಯೊಳಗೆ ನಿಲ್ಲುತ್ತಿದ್ದ.

"ಎಂತ ಮಾರಾಯ, ಕಾಲಿಗೆ ಇರುವೆ ಕಚ್ಚಿತಾ?"

"ಇಲ್ಲ ಗುರುಗಳೇ."

ಗುಡ್ಡದ ತುದಿಯಲ್ಲಿ ಕೂತು ಅವಲಕ್ಕಿ ತಿಂದರು. ತೀರಕ್ಕಿಳಿದ ಮೇಲೆ ಗುರುಗಳು ಪಂಚೆ ಎತ್ತಿಕಟ್ಟಿ ಅಲೆಯಲ್ಲಿ ಕಾಲಾಡಿಸಿದರು. ಗಾಳಿಮರದ ಕೆಳಗೆ ಒಂದು ಸಣ್ಣ ನಿದ್ದೆಯನ್ನೂ ತೆಗೆದರು.

ಹೊರಡುವಾಗ ಕೇಳಿದರು: "ಆಗ ಡಾಲ್ಫಿನ್ ಹಾರಿದವು. ನೋಡಿದೆಯಾ?"

ವಿಠೋಬ ನೋಡಿರಲಿಲ್ಲ. ನೆರಳು ಎತ್ತ ಹೊರಳುತ್ತದೋ ಎಂದು ಕಾಯುವುದರಲ್ಲೇ ಅವನ ದಿನ ಮುಗಿದಿತ್ತು.

ಸಂಜೆ ಗುಡ್ಡ ದಾಟಿ ಇಳಿಯುವ ದಾರಿ ಪಡುವಣಕ್ಕೆ ತಿರುಗಿತು. ಸೂರ್ಯ ಎದುರಿಗಿದ್ದ. ಗುರುಗಳ ನೆರಳು ಹಿಂದಕ್ಕೆ ಉದ್ದವಾಗಿ ಚಾಚಿ ವಿಠೋಬನ ಕಾಲಬೆರಳಿನ ತನಕ ಬಂದಿತ್ತು.

ಪಾಚಿ ಕಟ್ಟಿದ ಬಂಡೆಯ ಮೇಲೆ ಗುರುಗಳ ಕಾಲು ಜಾರಿತು. ಎರಡು ಹೆಜ್ಜೆ ಮುಂದಕ್ಕೆ ಹಾರಿ ಕೈ ಚಾಚಿದ್ದರೆ ಸಿಗುತ್ತಿದ್ದರು. ವಿಠೋಬ ಎತ್ತಿದ ಕಾಲನ್ನು ಹಾಗೇ ತಡೆದು ನಿಂತುಬಿಟ್ಟ.

ಗುರುಗಳು ಬಿದ್ದಲ್ಲೇ ಎದ್ದು ಕೂತು ಮೊಣಕಾಲು ಹಿಡಿದುಕೊಂಡರು. ರಕ್ತ ಬರುತ್ತಿತ್ತು.

"ಹಿಡಿಯಲಿಲ್ಲ ಯಾಕೆ?"

"ನಡುವೆ ನಿಮ್ಮ ನೆರಳಿತ್ತು, ಗುರುಗಳೇ."

ಗುರುಗಳು ಕತ್ತು ಹೊರಳಿಸಿ ನೆಲ ನೋಡಿದರು. "ಅದಕ್ಕೆ ಏನೂ ಪೆಟ್ಟಾಗಲಿಲ್ಲ ಅಲ್ವಾ?"

ವಿಠೋಬನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಓಡಿ ಬಂದ. ನೆರಳಿನ ಮೇಲೇ ಓಡಿ ಬಂದು, ತನ್ನ ಪಂಚೆಯ ಅಂಚು ಹರಿದು ಗಾಯಕ್ಕೆ ಕಟ್ಟಿದ. ಕಟ್ಟುತ್ತಾ ಅಳತೊಡಗಿದ.

"ಅಳುವುದು ಆಮೇಲೆ. ಮೊದಲು ಹೆಗಲು ಕೊಡು."

ಇಬ್ಬರೂ ಮೆಲ್ಲಗೆ ಇಳಿದರು. ಆಶ್ರಮದ ದೀಪ ಕಂಡಾಗ ವಿಠೋಬ ಕೇಳಿದ.

"ನಾಳೆಯ ದೀಕ್ಷೆ... ಇನ್ನು ನನಗಿಲ್ಲ, ಅಲ್ಲವೇ?"

ಗುರುಗಳು ಅವನ ಹೆಗಲ ಮೇಲೆ ಇನ್ನಷ್ಟು ಮೈಭಾರ ಬಿಟ್ಟರು.

"ಭಾರ ಆಗ್ತದಾ?"

"ಇಲ್ಲ."

"ಹಾಗಾದರೆ ನಡಿ. ಬೆಳಗ್ಗೆ ಬೇಗ ಏಳಬೇಕು."