ಮೂರನೇ ರೇಡು

ಚೆಲುವರಾಜ ಯಾರನ್ನೂ ನಂಬುತ್ತಿರಲಿಲ್ಲ. ಅವನಿಗೆ ಸಂಬಳ ಕೊಡುತ್ತಿದ್ದುದೇ ಅದಕ್ಕೆ.

ಕಾಲೇಜು ಹುಡುಗರ ಕಬಡ್ಡಿ ನೋಡಿ, ದೊಡ್ಡ ಲೀಗಿನ ತಂಡಕ್ಕೆ ಯಾವ ರೇಡರ್ ಆಗಿಬರುತ್ತಾನೆ ಅಂತ ಹೇಳುವುದು ಅವನ ಕೆಲಸ. ಎದುರಾಳಿಗಳ ಅಂಗಳಕ್ಕೆ ಒಬ್ಬನೇ ನುಗ್ಗಿ, ಏಳು ಜನರ ಕೈಗೆ ಸಿಗದೆ ಮುಟ್ಟಿ ವಾಪಸ್ ಬರುವವನನ್ನು ಆರಿಸುವುದು ಹುಡುಗಾಟವಲ್ಲ. ಕೋಚ್ ಸುಳ್ಳು ಹೇಳುತ್ತಾನೆ. ಹುಡುಗ ಸುಳ್ಳು ಹೇಳುತ್ತಾನೆ. ಹುಡುಗನ ಅಪ್ಪನಂತೂ ಬಾಯಿಬಿಟ್ಟರೆ ಸುಳ್ಳೇ.

ಅದಕ್ಕೇ ಚೆಲುವರಾಜ ಪ್ರತಿ ಪಂದ್ಯದ ಲೆಕ್ಕವನ್ನೂ ತಾನೇ ಬರೆದು ಪಟ್ಟಿ ಮಾಡುತ್ತಿದ್ದ. ಲೋಕದಲ್ಲಿ ಅವನು ನಂಬುತ್ತಿದ್ದದ್ದು ಆ ಪಟ್ಟಿಯೊಂದನ್ನೇ.

ಆದರೂ ಹೋದ ವರ್ಷ ಮೋಸ ಹೋದ. ಅವನು ಆರಿಸಿದ ಹುಡುಗ ಮಂಡಿ ನೋವು ಮುಚ್ಚಿಟ್ಟಿದ್ದ. ನಾಲ್ಕನೇ ಪಂದ್ಯದಲ್ಲಿ ಬಿದ್ದವನು ಏಳಲಿಲ್ಲ. ತಂಡದ ಮ್ಯಾನೇಜರ್ ಚೆಲುವರಾಜನನ್ನು ಕರೆದು, "ಇನ್ನೊಂದು ಸಲ ಹೀಗಾದರೆ ನೀನೂ ಬ್ಯಾಗ್ ಕಟ್ಟು" ಎಂದು ಮೆತ್ತಗೆ ಹೇಳಿದ. ಕೂಗಾಡಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಈ ವರ್ಷ ಇದ್ದದ್ದು ಒಂದೇ ಜಾಗ. ಸಂಜೆ ಐದರೊಳಗೆ ಒಂದು ಹೆಸರು ಕಳಿಸಬೇಕು.

ಅವನ ಪಟ್ಟಿಯಲ್ಲಿ ಉಳಿದಿದ್ದ ಹೆಸರುಗಳು ಎರಡು. ಇಬ್ಬರೂ ಉಗ್ರಪ್ಪ ಮೇಷ್ಟ್ರ ಹುಡುಗರು.

ಹೊಳೆ ದಂಡೆಯಲ್ಲಿ ಒಂದು ಹೆಂಚಿನ ಮನೆ, ಒಂದು ಹೊಂಗೆ ಮರ, ಮರದಾಚೆ ಮ್ಯಾಟ್ ಹಾಸಿದ ಅಂಗಳ. ಅಷ್ಟೇ ಮೇಷ್ಟ್ರ ಆಸ್ತಿ. ಟೂರ್ನಮೆಂಟಿಗೆ ಮುಂಚೆ ಕಾಲೇಜು ತಂಡದವರು ಒಂದು ತಿಂಗಳು ಅಲ್ಲೇ ಉಂಡು, ಅಲ್ಲೇ ಮಲಗಿ, ಅಲ್ಲೇ ಆಡುತ್ತಾರೆ. ಹತ್ತು ವರ್ಷದ ಹಿಂದೆ ಚೆಲುವರಾಜನೂ ಅಲ್ಲಿ ಮುದ್ದೆ ಮುರಿದವನೇ.

ಆಮೇಲೆ ಆ ಕಡೆ ತಲೆ ಹಾಕಿರಲಿಲ್ಲ. ಅದಕ್ಕೆ ಕಾರಣವಿತ್ತು.

ಆ ವರ್ಷ ರಾಜ್ಯ ತಂಡದ ಆಯ್ಕೆಗೆ ಮೇಷ್ಟ್ರು ಒಂದೇ ಹೆಸರು ಕಳಿಸಬೇಕಿತ್ತು. ಚೆಲುವರಾಜನ ಪಾಯಿಂಟು ಅದೇ ತಂಡದ ತಮ್ಮಣ್ಣನದಕ್ಕಿಂತ ಎರಡರಷ್ಟು. ಹೋದದ್ದು ತಮ್ಮಣ್ಣನ ಹೆಸರು. ತಮ್ಮಣ್ಣ ಮೇಷ್ಟ್ರ ಊರಿನವನು. ಇನ್ನೇನು ಬೇಕು? ಚೆಲುವರಾಜ ಸಿಕ್ಕಸಿಕ್ಕವರ ಹತ್ತಿರವೆಲ್ಲ ಅದನ್ನು ಹೇಳಿಕೊಂಡು ತಿರುಗಿದ್ದ.

ಅವನು ಹೋದಾಗ ಮೇಷ್ಟ್ರು ಮಂಡಿಯೂರಿ ಕೂತು ಹುಡುಗರ ಶೂ ಲೇಸು ಕಟ್ಟುತ್ತಿದ್ದರು.

ಅದು ಅಲ್ಲಿಯ ಪದ್ಧತಿ. ಆಟಕ್ಕೆ ಮುಂಚೆ ಪ್ರತಿಯೊಬ್ಬನ ಲೇಸನ್ನೂ ಮೇಷ್ಟ್ರೇ ಕಟ್ಟಬೇಕು. ಗುರುಗಳ ಕೈಗೆ ಕಾಲು ಕೊಡೋದು ಹೇಗೆ ಅಂತ ಹೊಸಬರು ಮುದುಡಿಕೊಳ್ಳುತ್ತಾರೆ. ಮೇಷ್ಟ್ರು ಕೇಳುವವರಲ್ಲ. ಎರಡು ಗಂಟು ಬಿಗಿಯುತ್ತಾರೆ. ಆಟ ಮುಗಿದ ಮೇಲೆ ಉಗುರು ಸಾಲದೆ ಹುಡುಗರು ಮೊಳೆ ಹುಡುಕಿಕೊಂಡು ಬಂದು ಆ ಗಂಟು ಬಿಡಿಸುತ್ತಾರೆ.

"ಬಂದ್ಯಾ" ಅಂದರು ಮೇಷ್ಟ್ರು, ತಲೆ ಎತ್ತದೆ.

"ಬಂದೆ ಮೇಷ್ಟ್ರೇ."

"ಉಂಡ್ಯಾ?"

"ಆಯ್ತು."

"ಸುಳ್ಳು. ಒಳಗೆ ಮುದ್ದೆ ಅವೆ, ಉಣ್ಣೋಗು."

ಸುಳ್ಳೇ ಆಗಿತ್ತು. ಚೆಲುವರಾಜ ಹೋಗಿ ಉಂಡ. ಉಣ್ಣುವಾಗಲೂ ಅನುಮಾನ. ಹತ್ತು ವರ್ಷ ಮುಖ ತೋರಿಸದವನ ಮೇಲೆ ಇಷ್ಟು ಅಕ್ಕರೆ ಯಾಕೆ? ಏನೋ ಇದೆ.

ಕೈತೊಳೆದು ಬಂದು ಪಟ್ಟಿಯನ್ನು ಮೇಷ್ಟ್ರ ಮುಂದೆ ಹಿಡಿದ. ಪ್ರೀತಮ್, ನೂರು ರೇಡಿನಲ್ಲಿ ಅರವತ್ತೊಂದು ಸಲ ಪಾಯಿಂಟು ತಂದವನು. ಮಾದೇಶ, ನೂರರಲ್ಲಿ ಮೂವತ್ನಾಲ್ಕು ಸಲ.

"ಇದ್ರಲ್ಲಿ ಕೇಳೋದೇನದೆ?" ಅಂದರು ಮೇಷ್ಟ್ರು.

"ಪ್ರೀತಮ್ ಮಂಡಿಗೆ ಪಟ್ಟಿ ಸುತ್ತಿದಾನೆ. ಯಾಕೆ?"

"ಅವನನ್ನೇ ಕೇಳು."

"ಅವನು ಹೇಳಲ್ಲ. ಹೋದ ವರ್ಷದವನೂ ಹೇಳಲಿಲ್ಲ. ನೀವು ಹೇಳಿ ಮೇಷ್ಟ್ರೇ, ಇಬ್ಬರಲ್ಲಿ ಯಾರು?"

"ನನ್ನ ಕೇಳಬೇಡ. ಮಾದೇಶ ನನ್ನ ತಂಗಿ ಮೊಮ್ಮಗ."

ಚೆಲುವರಾಜನಿಗೆ ಹಳೇ ಸಿಟ್ಟು ಒಮ್ಮೆಲೇ ಎದ್ದಿತು. ಅವತ್ತು ಊರಿನವನು, ಇವತ್ತು ಮನೆಯವನು. ಆದರೆ ಅದನ್ನು ತಾವಾಗೇ ಯಾಕೆ ಹೇಳಿದರು? ಕಳ್ಳ ತಾನೇ ಬಂದು ನಾನು ಕಳ್ಳ ಅನ್ನುತ್ತಾನೆಯೇ? ಪಳಗಿದ ಕಳ್ಳನಾದರೆ ಅಂದರೂ ಅಂದಾನು.

"ಹಾಗಾದ್ರೆ ಯಾರನ್ನ ನಂಬಲಿ?"

"ನನ್ನನ್ನಂತೂ ಬೇಡ" ಅಂದರು ಮೇಷ್ಟ್ರು. ಹೆಗಲ ಮೇಲಿನ ಟವಲ್ಲು ತೆಗೆದು ಅವನ ಕೈಗೆ ಕೊಟ್ಟರು. "ಇವತ್ತು ಹಳೇ ಆಟಗಾರರ ತಂಡ ಬಂದದೆ. ಮದುವೆಯಾಗಿ ಹೊಟ್ಟೆ ಬಂದಿರಬಹುದು, ಹಿಡಿದ್ರೆ ಬಿಡೋರಲ್ಲ. ನಮ್ಮ ಕಡೆ ಪ್ರೀತಮ್, ಮಾದೇಶ ಇಬ್ಬರೂ ಆಡ್ತಾರೆ. ನೀನು ಒಂದು ಕೆಲಸ ಮಾಡು. ರೇಡು ಶುರುವಾದ ತಕ್ಷಣ ಈ ಟವಲ್ಲು ಮುಖಕ್ಕೆ ಹಾಕ್ಕೋ. ಮುಗಿದ ಮೇಲೆ ತೆಗಿ."

"ರೇಡೇ ನೋಡದೆ ರೇಡರ್‌ನ ಆರಿಸೋದಾ?"

"ಒಬ್ಬೊಬ್ಬಂದು ನೂರು ನೋಡಿದ್ದೀಯಲ್ಲ, ಸಾಲದಾ?"

ಚೆಲುವರಾಜನಿಗೆ ಈಗ ಎಲ್ಲ ಅರ್ಥವಾಯಿತು ಅನ್ನಿಸಿತು. ಮೊಮ್ಮಗ ಇವತ್ತು ಮಣ್ಣು ಮುಕ್ಕುತ್ತಾನೆ, ಅದು ನನ್ನ ಕಣ್ಣಿಗೆ ಬೀಳಬಾರದು. ಆಗಲಿ, ಟವಲ್ಲಿನ ಸಂದಿಯಿಂದ ನೋಡಿದರಾಯಿತು ಅಂದುಕೊಂಡ.

"ಸಂದೀಲಿ ನೋಡಬೇಡ" ಅಂದರು ಮೇಷ್ಟ್ರು, ಅಂಗಳದ ಕಡೆ ಹೆಜ್ಜೆ ಹಾಕುತ್ತಾ.

ಆಟ ಶುರುವಾಯಿತು. ಪ್ರೀತಮ್ ತೊಡೆ ತಟ್ಟಿಕೊಂಡು ಮೊದಲ ರೇಡಿಗೆ ಹೊರಟ. ಚೆಲುವರಾಜ ಟವಲ್ಲು ಹಾಕಿಕೊಂಡ. ಬೆವರಿನ ವಾಸನೆ, ಹೊಗೆಸೊಪ್ಪಿನ ವಾಸನೆ. ಆಚೆ ಬದಿಯಿಂದ ಯಾರೋ ಕಿಸಕ್ಕನೆ ನಕ್ಕರು. ಟವಲ್ಲು ತೆಗೆದಾಗ ಪ್ರೀತಮ್ ಕೈ ಬೀಸುತ್ತಾ ವಾಪಸ್ ಬರುತ್ತಿದ್ದ. ಪಾಯಿಂಟು.

ಆಮೇಲೆ ಹುಡುಗರ ಎರಡು ಸರದಿ ಖಾಲಿ ಹೋದವು.

ಕಬಡ್ಡಿಯಲ್ಲಿ ಒಂದು ನಿಯಮವಿದೆ. ಒಂದು ತಂಡ ಸತತ ಎರಡು ರೇಡು ಬರಿಗೈಯಲ್ಲಿ ವಾಪಸ್ ಬಂದರೆ ಅಡ್ಡಿಯಿಲ್ಲ. ಮೂರನೇ ರೇಡಿಗೆ ಹೋದವನು ಮಾತ್ರ ಪಾಯಿಂಟು ತರಲೇಬೇಕು, ಇಲ್ಲವಾದರೆ ಅವನೇ ಔಟ್. ಇದು ಎದುರಿನವರಿಗೂ ಗೊತ್ತು. ಅವರು ಮುಂದೆ ಬರುವುದಿಲ್ಲ, ಕಾಯುತ್ತಾ ನಿಲ್ಲುತ್ತಾರೆ.

"ಮೂರನೇ ರೇಡು" ಎಂದು ಅಂಪೈರ್ ಕೂಗಿದ.

ಪ್ರೀತಮ್ ಬಗ್ಗಿ ಶೂಗೆ ಕೈ ಹಾಕಿದ. ಮಾದೇಶ ಅಂಗೈಯನ್ನು ಚಡ್ಡಿಗೆ ಒರೆಸಿಕೊಂಡು ಗೆರೆ ದಾಟಿದ.

ಟವಲ್ಲು. ಧೊಪ್ಪೆಂದು ಸದ್ದು. ತೆಗೆದು ನೋಡಿದರೆ ಮಾದೇಶ ನಾಲ್ಕು ಜನರ ಕೆಳಗಿದ್ದ. ಔಟ್.

ಚೆಲುವರಾಜ ಒಳಗೊಳಗೇ ನಕ್ಕ. ಮೂವತ್ನಾಲ್ಕು ಅಂದರೆ ಮೂವತ್ನಾಲ್ಕೇ. ಆದರೆ ಪ್ರೀತಮ್ ಬಗ್ಗಿದ್ದು ತಲೆಯಲ್ಲಿ ಉಳಿಯಿತು. ಮಂಡಿ ಒತ್ತಿಕೊಂಡನೋ ಏನೋ, ಲೇಸು ಬರೀ ನೆಪ. ಹೋದ ವರ್ಷದವನೂ ಹೀಗೇ ಮಾಡುತ್ತಿದ್ದ.

ಈಗ ಅವನು ಮೈಯೆಲ್ಲ ಕಣ್ಣಾಗಿ ಕೂತ. ಮಾದೇಶ ಮತ್ತೆ ಒಳಗೆ ಬಂದ. ಮತ್ತೆ ಮೂರನೇ ರೇಡು, ಮತ್ತೆ ಪ್ರೀತಮ್ ಬಗ್ಗಿದ, ಮತ್ತೆ ಮಾದೇಶ ಅಂಗೈ ಒರೆಸಿಕೊಂಡ. ಈ ಸಲ ಒಂದು ಪಾಯಿಂಟು ತಂದ. ಸ್ವಲ್ಪ ಹೊತ್ತಿಗೆ ಇನ್ನೊಂದು ಮೂರನೇ ರೇಡು, ಅದೇ ಕತೆ. ಮಾದೇಶ ಔಟಾಗಿ ಹೊರಗೆ ಕೂತ.

ಅವನು ಹೊರಗಿರುವಾಗಲೇ ಮತ್ತೊಂದು ಬಂತು. ಅಂಗಳದಲ್ಲಿ ಉಳಿದಿದ್ದ ರೇಡರ್ ಪ್ರೀತಮ್ ಒಬ್ಬನೇ. ಅವನು ಬಗ್ಗಿದವನು ಮೇಲೇಳಲೇ ಇಲ್ಲ. ಕೊನೆಗೆ ಹಿಡಿಯುವುದು ಬಿಟ್ಟು ಬೇರೇನೂ ಗೊತ್ತಿಲ್ಲದ ಒಬ್ಬ ದಪ್ಪ ಹುಡುಗ ಎಲ್ಲರ ಮುಖ ನೋಡಿ, ತಾನೇ ಹೋಗಿ, ಟವಲ್ಲು ಮುಖಕ್ಕೆ ಬರುವಷ್ಟರಲ್ಲೇ ಸಿಕ್ಕಿಬಿದ್ದ.

ಮಧ್ಯಂತರದಲ್ಲಿ ಚೆಲುವರಾಜ ನೆಟ್ಟಗೆ ಪ್ರೀತಮ್ ಹತ್ತಿರ ಹೋದ.

"ಮಂಡಿ ನೋವಿದೆಯಾ? ನಿಜ ಹೇಳು."

"ಇಲ್ಲ ಸರ್. ಇದು ಸುಮ್ನೆ, ನೋಡೋಕೆ ಚೆನ್ನಾಗಿರುತ್ತೆ ಅಂತ."

ನಂಬಲಿಲ್ಲ. ಪಟ್ಟಿ ಬಿಚ್ಚಿಸಿ ಮಂಡಿ ಒತ್ತಿ ನೋಡಿದ. ಕೂರಿಸಿದ, ಎಬ್ಬಿಸಿದ, ಒಂಟಿ ಕಾಲಲ್ಲಿ ಕುಣಿಸಿದ. ಮಂಡಿ ಕಲ್ಲಿನ ಹಾಗಿತ್ತು.

"ಮತ್ತೆ ಪದೇಪದೇ ಬಗ್ಗಿದ್ದು ಯಾಕೆ?"

"ಲೇಸು ಬಿಚ್ಚಿಹೋಗ್ತಿತ್ತು ಸರ್."

ಚೆಲುವರಾಜ ಕೆಳಗೆ ನೋಡಿದ. ಎರಡು ಗಂಟು. ಉಗುರು ಹಾಕಿ ಎಳೆದ. ಜಗ್ಗಲಿಲ್ಲ. ಇನ್ನೊಂದು ಕಾಲಿನದನ್ನೂ ಎಳೆದ.

ಪ್ರೀತಮ್ ಹೊಳೆಯ ಕಡೆ ಮುಖ ತಿರುಗಿಸಿದ. ಚೆಲುವರಾಜ ಬಗ್ಗಿದಲ್ಲೇ ಕೂತಿದ್ದ.

ಎದ್ದು ಹೊಳೆಯ ಮೆಟ್ಟಿಲಿಗೆ ಹೋದ. ಚೀಲದಿಂದ ನೋಟ್‌ಬುಕ್ ತೆಗೆದ. ಎರಡು ವರ್ಷದಿಂದ ಪ್ರತಿ ಪಂದ್ಯದ ರೇಡುಗಳನ್ನೂ ನಡೆದ ಕ್ರಮದಲ್ಲೇ ಬರೆದಿಟ್ಟಿದ್ದ. ಅವುಗಳಲ್ಲಿ ಮೂರನೇ ರೇಡು ಯಾರದೆಷ್ಟು ಅಂತ ಯಾವತ್ತೂ ಎಣಿಸಿರಲಿಲ್ಲ. ಈಗ ಬೆರಳಿಟ್ಟು ಎಣಿಸಿದ.

ಮಾದೇಶನ ನೂರು ರೇಡಿನಲ್ಲಿ ಮೂರನೇ ರೇಡುಗಳೇ ಎಪ್ಪತ್ತೆರಡು. ಪ್ರೀತಮ್‌ನ ನೂರರಲ್ಲಿ ನಾಲ್ಕು.

ಇದೂ ಮೇಷ್ಟ್ರ ಕೈವಾಡ ಇರಬಹುದಾ ಅಂತ ಒಂದು ಕ್ಷಣ ಯೋಚಿಸಿದ. ಅದು ಸಾಧ್ಯವಿರಲಿಲ್ಲ. ಅಕ್ಷರ ಅವನದೇ, ಇಂಕು ಅವನದೇ. ಊರವರನ್ನೆಲ್ಲ ಅನುಮಾನಿಸಿದವನು ಅನುಮಾನಿಸದೆ ಬಿಟ್ಟದ್ದು ತನ್ನ ಕೈಬರಹವನ್ನು ಮಾತ್ರ.

ನಾಲ್ಕೂವರೆಗೆ ಆಟ ಮುಗಿಸಿ ಮೇಷ್ಟ್ರು ಮೆಟ್ಟಿಲಿಳಿದು ಬಂದು, ಅವನ ಪಕ್ಕ ಕೂತರು. ಟವಲ್ಲು ವಾಪಸ್ ಇಸಿದುಕೊಂಡು ಕತ್ತು ಒರೆಸಿಕೊಂಡರು.

"ಮಾದೇಶನ ಹೆಸರು ಕಳಿಸಿದ್ರೆ ಜನ ಏನಂತಾರೆ ಗೊತ್ತಾ?" ಅಂದ ಚೆಲುವರಾಜ. "ಮೇಷ್ಟ್ರು ಮನೆಯವನನ್ನ ತೂರಿಸಿದ್ರು ಅಂತಾರೆ."

"ಅಂತಾರೆ."

"ನಿಮಗೇನೂ ಅನ್ನಿಸಲ್ವಾ?"

"ಹತ್ತು ವರ್ಷದಿಂದ ಕೇಳ್ತಾ ಇದ್ದೀನಿ ಕಣಪ್ಪ. ಕಿವಿಗೆ ಅಭ್ಯಾಸ ಆಗ್ಬಿಟ್ಟದೆ."

ಚೆಲುವರಾಜನ ಮುಖ ಬಿಸಿಯಾಯಿತು. ಯಾವ ಮಾತು ಯಾವ ಊರಿನಲ್ಲಿ ಆಡಿದ್ದೆ, ಯಾರ ಬಾಯಿಂದ ಇವರ ಕಿವಿಗೆ ಬಿತ್ತು ಅಂತ ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟ. ತುಂಬಾ ನಾಚಿಕೆಯಾಗಿತ್ತು.

"ಮಾದೇಶ ಅಲ್ಲಿ ಹೋಗಿ ಬಿದ್ರೆ ನನ್ನ ಕೆಲಸ ಹೋಗುತ್ತೆ ಮೇಷ್ಟ್ರೇ."

"ಬೀಳ್ತಾನೆ. ಮೂರಕ್ಕೆ ಎರಡು ಸಲ ಬೀಳೋನೇ ಅವನು."

"ಮತ್ತೆ?"

"ಬಿದ್ದೋನು ಆಮೇಲೆ ಏನ್ ಮಾಡ್ತಾನೆ ಅಂತ ಇವತ್ತು ನೀನೇ ನೋಡಿದ್ಯಲ್ಲ. ಟವಲ್ಲು ತೆಗೆದಿದ್ದಾಗ."

ಚೆಲುವರಾಜ ಫೋನ್ ತೆಗೆದ. ಮಾದೇಶನ ಹೆಸರು ಬರೆದು ಕಳಿಸಿದ. ಐದಕ್ಕೆ ಇನ್ನೂ ಹತ್ತು ನಿಮಿಷ ಇತ್ತು.

ಕೆಲಸ ಮುಗಿದಿತ್ತು, ಎದ್ದು ಹೋಗಬಹುದಿತ್ತು. ಅವನು ಏಳಲಿಲ್ಲ. ಹೇಳಬೇಕಾದ ಒಂದು ಮಾತು ಉಳಿದಿತ್ತು.

"ಮೇಷ್ಟ್ರೇ. ಹತ್ತು ವರ್ಷದ ಹಿಂದೆ, ಆಯ್ಕೆಗೆ ಮುಂಚೆ ನಮ್ಮ ಫೈನಲ್‌ನಲ್ಲಿ, ಕೊನೇ ನಿಮಿಷಕ್ಕೆ ಮೂರನೇ ರೇಡು ಬಂತಲ್ಲ."

"ಹೂಂ."

"ಆಗ ನಾನು ಬಗ್ಗಿದ್ದೆ. ನಾನು ಏಳೋದ್ರೊಳಗೆ ತಮ್ಮಣ್ಣ ಹೋಗಿಬಿಟ್ಟ."

"ಹೂಂ."

"ಅವತ್ತು ನನ್ನ ಲೇಸು ನಿಜವಾಗ್ಲೂ ಬಿಚ್ಚಿಹೋಗಿತ್ತು ಮೇಷ್ಟ್ರೇ."

ಉಗ್ರಪ್ಪ ಮೇಷ್ಟ್ರು ಒಂದು ಮೆಟ್ಟಿಲು ಕೆಳಗಿಳಿದು ಅವನ ಮುಂದೆ ಮಂಡಿಯೂರಿದರು. ಎಪ್ಪತ್ತು ದಾಟಿದ ಮಂಡಿ ಲಟಕ್ಕೆಂದಿತು. ಚೆಲುವರಾಜ ಕಾಲು ಹಿಂದಕ್ಕೆ ಎಳೆದುಕೊಳ್ಳಲು ನೋಡಿದ, ಅವರು ಬಿಡಲಿಲ್ಲ. ಅವನ ಶೂ ಲೇಸು ಬಿಚ್ಚಿ, ಎಳೆದು ಸರಿಮಾಡಿ, ಮತ್ತೆ ಕಟ್ಟಿದರು. ಎರಡು ಗಂಟು. ಆಮೇಲೆ ಇನ್ನೊಂದು ಕಾಲಿನದು.

ಅವನ ಹೆಗಲ ಮೇಲೆ ಕೈಯೂರಿ ಎದ್ದರು.

"ಎದ್ದು ನಡಿ" ಅಂದರು. "ಬಿಚ್ಚಿದ್ರೆ ಬಂದು ಹೇಳು."